ನೀರಿನ ಮೇಲಿನ ಜಿಡ್ಡು

ಮಧುಶ್ರೀಗೆ ಹೇಸಿಗೆ ಆಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬೇರೆಯವರಿಗೆ ಹೊತ್ತು ಹೊತ್ತಿಗೆ ಹಸಿವಾಗುವ ಹಾಗೆ ಅವಳಿಗೆ ಹೊತ್ತು ಹೊತ್ತಿಗೆ ಹೇಸಿಗೆ ಆಗುತ್ತಿತ್ತು. ತುರುವೇಕೆರೆಯ ತವರಿನಲ್ಲಿ ಇದನ್ನು 'ನಮ್ಮ ಹುಡುಗಿ ಬಲು ಚೊಕ್ಕಟ' ಅಂತ ಹೊಗಳಿ ಬೆಳೆಸಿದ್ದರು. ಹಾಗೆ ಹೊಗಳಿ ಬೆಳೆಸಿದ ಹುಡುಗಿಯನ್ನು ತಂದು ತಿಪಟೂರಿನ ಕೊಬ್ಬರಿ ಮಂಡಿಯ ಮನೆಗೆ ಕೊಟ್ಟರು. ತಪ್ಪು ಯಾರದು ಅಂತ ಹೇಳುವುದು ಕಷ್ಟ. ಕೊಟ್ಟವರಿಗೂ ಮೂಗಿತ್ತು, ತಂದುಕೊಂಡವರಿಗೂ ಮೂಗಿತ್ತು.

ಮುಂದೆ ಮಂಡಿ, ಹಿಂದೆ ಮನೆ, ಪಕ್ಕಕ್ಕೆ ಗೋಡೌನು. ಮೂರಕ್ಕೂ ಗಾಳಿ ಒಂದೇ. ಬಿಸಿಲು ಏರಿದ ಹಾಗೆ ಚೀಲದೊಳಗಿನ ಕೊಬ್ಬರಿ ಬೆವರಲು ಶುರುವಾಗಿ, ಹಳೆ ಎಣ್ಣೆಯ ಕಮಟು ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂದು ಪರದೆಗೆ, ಹಾಸಿಗೆಗೆ, ಒಗೆದು ಮಡಿಸಿಟ್ಟ ಸೀರೆಗೆ ಹತ್ತಿಕೊಳ್ಳುತ್ತಿತ್ತು. ಸ್ವಿಚ್ಚು ಒತ್ತಿದರೆ ಬೆರಳಿಗೆ ಜಿಡ್ಡು. ಬಾಗಿಲ ಚಿಲಕ ಮುಟ್ಟಿದರೆ ಜಿಡ್ಡು. ಮದುವೆಯಾದ ಹೊಸದರಲ್ಲಿ ಗಂಡ ಯೋಗೀಶ್ ಹತ್ತಿರ ಬಂದಾಗಲೆಲ್ಲ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಅವನು ಪಾಪ, ಅದನ್ನು ನಾಚಿಕೆ ಅಂದುಕೊಂಡಿದ್ದ.

ಮಾವ ಮರುಳಸಿದ್ದಯ್ಯನವರದು ಇನ್ನೊಂದು ಕತೆ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿದ್ದ, ಹುಟ್ಟಿದಾಗಿನಿಂದ ಕೊಬ್ಬರಿಯ ನಡುವೆಯೇ ಬೆಳೆದ ಮನುಷ್ಯ. ಮಾಲು ನೋಡುವುದು ಅಂದರೆ ಅವರಿಗೆ ಕಣ್ಣಲ್ಲಿ ನೋಡುವುದಲ್ಲ, ಬಾಯಲ್ಲಿ ನೋಡುವುದು. ಉಂಡೆ ಕೊಬ್ಬರಿ ಒಡೆದು, ಒಂದು ಚೂರು ಕಚ್ಚಿ, ಕಣ್ಣು ಮುಚ್ಚಿ ಅಗಿದು, ಎಣ್ಣೆ ಎಷ್ಟಿದೆ ಅಂತ ನಾಲಿಗೆಯಲ್ಲೇ ಅಳೆದು, ಆಮೇಲೆ ಅಗಿದದ್ದನ್ನು ಅಂಗೈಗೆ ಉಗುಳಿಕೊಂಡು ಅದನ್ನೂ ಒಮ್ಮೆ ತಿರುವಿ ನೋಡುತ್ತಿದ್ದರು. ಬೂಷ್ಟು ಹಿಡಿದ ಮಾಲಾದರೆ ಜೊತೆಗೊಂದು ಕ್ಯಾಕರಿಕೆ. ಊಟಕ್ಕೆ ಕೂತು ಚಟ್ನಿ ಬಾಯಿಗಿಟ್ಟರೂ ಅದೇ ಪರೀಕ್ಷೆ. ಎದುರಿಗೆ ಕೂತ ಮಧುಶ್ರೀ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಡುತ್ತಿದ್ದಳು.

ಆ ಮನೆಯಲ್ಲಿ ಅವಳ ಪಾಲಿಗೆ ಚೊಕ್ಕಟವಾದ ಜಾಗ ಅಂತ ಇದ್ದದ್ದು ಒಂದೇ, ಹಾಲ್‌ನ ಕಿಟಕಿ ಪಕ್ಕದ ಅಕ್ವೇರಿಯಂ. ಯೋಗೀಶ್ ತುಮಕೂರಿನಿಂದ ತಂದುಕೊಟ್ಟದ್ದು. ಬೇರೆಯವರ ಮನೆಯ ಹಾಗೆ ಅದರಲ್ಲಿ ಪ್ಲಾಸ್ಟಿಕ್ ಗಿಡವಾಗಲಿ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆಯಾಗಲಿ ಇರಲಿಲ್ಲ. ಎಲ್ಲ ಜೀವ ಇರುವ ಗಿಡಗಳೇ. ಹಿಂಬದಿಗೆ ಉದ್ದುದ್ದ ಹುಲ್ಲಿನಂಥ ವ್ಯಾಲಿಸ್ನೇರಿಯಾ, ನಡುವೆ ಕಲ್ಲಿಗೆ ದಾರ ಸುತ್ತಿ ಕಟ್ಟಿದ ಜಾವಾ ಫರ್ನ್, ಅವುಗಳ ಸಂದಿಯಲ್ಲಿ ಬಾಲ ಬೀಸಿಕೊಂಡು ಓಡಾಡುವ ಗಪ್ಪಿ ಮೀನು. ಇದನ್ನೆಲ್ಲ ಅವಳು ಫೋನಿನಲ್ಲಿ ನೋಡಿ, ಕೆಡಿಸಿ ಕೆಡಿಸಿ ಕಲಿತದ್ದು. ಮೊದಲ ಸಲ ಜಾವಾ ಫರ್ನಿನ ದಂಟನ್ನು ಜಲ್ಲಿಯೊಳಗೆ ಹೂತು ಕೊಳೆಸಿದಳು. ಬೆಳಕು ಜಾಸ್ತಿ ಕೊಟ್ಟು ಗಾಜಿಗೆಲ್ಲ ಪಾಚಿ ಕಟ್ಟಿಸಿದಳು. ಬೋರಿನ ಗಡಸು ನೀರಿಗೆ ಒಗ್ಗದ ಗಿಡಗಳು ಸತ್ತವು, ಒಗ್ಗಿದವು ಉಳಿದವು. ವರ್ಷ ತುಂಬುವ ಹೊತ್ತಿಗೆ ಮಧ್ಯಾಹ್ನದ ಬೆಳಕಿನಲ್ಲಿ ಎಲೆ ಎಲೆಯ ಮೇಲೂ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಗಿಡ ಉಸಿರಾಡುವುದು ಕಣ್ಣಿಗೇ ಕಾಣುತ್ತಿತ್ತು. ಅವಳು ಅದರ ಮುಂದೆ ಕೂತಾಗ ಮಾತ್ರ ಮೂಗಿನ ತುಂಬ ಉಸಿರೆಳೆದುಕೊಳ್ಳುತ್ತಿದ್ದಳು.

ತಮಾಷೆ ಏನೆಂದರೆ, ಆ ಗಿಡಗಳಿಗೆಲ್ಲ ಗೊಬ್ಬರ ಮೀನಿನ ಹೇಲೇ. ಅದು ತಳದ ಜಲ್ಲಿಗೆ ಇಳಿದು, ಕರಗಿ, ಬೇರಿಗೆ ಸೇರಬೇಕು. ಜಲ್ಲಿಯನ್ನು ತೀರಾ ತೊಳೆದುಬಿಟ್ಟರೆ ಗಿಡ ಸೊರಗುತ್ತದೆ. ಇದನ್ನು ಮಧುಶ್ರೀ ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ವಿವರಿಸುತ್ತಿದ್ದಳು. ಮೀನಿನ ಹೇಲು ಕಂಡರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಮಾವನ ಕೆಮ್ಮು ಕೇಳಿದರೆ ಹೊಟ್ಟೆ ತೊಳೆಸುತ್ತಿತ್ತು. ಮನುಷ್ಯರ ಹೇಸಿಗೆಗೆ ಕಾನೂನು ಅಂತ ಒಂದಿದ್ದರೆ ಅದನ್ನು ಬರೆದವನು ಕುಡಿದು ಬರೆದಿರಬೇಕು.

ದೀಪಾವಳಿ ಕಳೆದು ಚಳಿ ಶುರುವಾಯಿತು. ಮರುಳಸಿದ್ದಯ್ಯನವರು ಮಂಡಿಯ ಗಲ್ಲಾಪೆಟ್ಟಿಗೆ ಮಗನಿಗೆ ಬಿಟ್ಟುಕೊಟ್ಟು ಬೆತ್ತದ ಕುರ್ಚಿಯನ್ನು ಹಾಲಿಗೆ ತಂದುಕೊಂಡರು. ಹಾಲಿನಲ್ಲಿ ಬೇರೆಲ್ಲೂ ಅಲ್ಲ, ಅಕ್ವೇರಿಯಂ ಎದುರಿಗೆ. ಬದುಕೆಲ್ಲ ಒಣಗಿದ್ದನ್ನೇ ನೋಡಿಕೊಂಡು ಬಂದವರಿಗೆ ನೀರೊಳಗಿನ ಹಸಿರು ಹಿಡಿಸಿಬಿಟ್ಟಿತು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು. ಕೈಯಲ್ಲೊಂದು ಕೊಬ್ಬರಿ ಚೂರು ಇದ್ದೇ ಇರುತ್ತಿತ್ತು.

ಅದೇ ದಿನಗಳಲ್ಲಿ ತುರುವೇಕೆರೆಯಿಂದ ಅಮ್ಮ ಒಂದು ಕ್ಯಾನು ಎಣ್ಣೆ ಕಳಿಸಿದಳು. ಗಾಣದಲ್ಲಿ ಆಡಿಸಿ, ದಾಸವಾಳದ ಎಲೆ, ಕರಿಬೇವು ಹಾಕಿ ಕಾಯಿಸಿದ್ದು. ಕೊಬ್ಬರಿಯಿಂದ ಬಂದ ವಾಸನೆಗಳಲ್ಲಿ ಮಧುಶ್ರೀಗೆ ವಾಕರಿಕೆ ತರದಿದ್ದದ್ದು ಅದೊಂದೇ.

ಮತ್ತೆ ಅದೇ ದಿನಗಳಲ್ಲೇ ನೀರಿನ ಮೇಲೆ ಜಿಡ್ಡು ಕಾಣಿಸಿಕೊಂಡಿತು.

ಮೊದಲು ತೆಳ್ಳಗೆ, ಓರೆಯಾಗಿ ನೋಡಿದರೆ ಮಾತ್ರ ಕಾಣುವಷ್ಟು. ವಾರ ಕಳೆಯುವುದರೊಳಗೆ ಕೆನೆಯ ಹಾಗೆ ಸುಕ್ಕುಗಟ್ಟಿತು. ವ್ಯಾಲಿಸ್ನೇರಿಯಾದ ತುದಿಗಳು ನೀರಿನ ಮೇಲೆ ಬಂದು ಮಲಗುವ ಕಡೆಯೆಲ್ಲ ಕಂದು ಲೋಳೆ ಹಿಡಿಯಿತು. ಎಲೆಯ ಮೇಲಿನ ಗುಳ್ಳೆ ನಿಂತುಹೋಯಿತು. ಗಾಳಿ ಸಾಲದೆ ಗಪ್ಪಿಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಮಧುಶ್ರೀ ವಾರಕ್ಕೊಮ್ಮೆ ಮಾಡುತ್ತಿದ್ದ ಕೆಲಸವನ್ನು ದಿನಾ ಮಾಡಿದಳು. ಬೆಳಿಗ್ಗೆ ಸ್ನಾನ ಮಾಡಿ ಜಡೆ ಹಾಕಿಕೊಂಡ ಕೂಡಲೇ ಸೋಪು ಹಚ್ಚಿ ಮಣಿಕಟ್ಟಿನವರೆಗೆ ಕೈ ತೊಳೆದು, ತೋಳು ಮೇಲೆ ಸರಿಸಿ, ಮೊಣಕೈ ಮುಳುಗುವಷ್ಟು ಕೈ ಇಳಿಸಿ ಕೊಳೆತ ಎಲೆ ಕಿತ್ತಳು, ಗಾಜು ಒರೆಸಿದಳು. ಮಾಡಿದಷ್ಟೂ ಜಿಡ್ಡು ಹೆಚ್ಚಾಯಿತು.

ಒಂದು ಬೆಳಿಗ್ಗೆ ದೊಡ್ಡ ಗಪ್ಪಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಫೋನಿನಲ್ಲಿ ಹೇಳಿದ್ದಂತೆ ಅವಳು ಒಂದು ಹಾಳೆ ಪೇಪರನ್ನು ನೀರಿನ ಮೇಲೆ ಹರಡಿ ಮೆಲ್ಲಗೆ ಎತ್ತಿದಳು. ಜಿಡ್ಡೆಲ್ಲ ಪೇಪರಿಗೆ ಅಂಟಿಕೊಂಡು ಬಂತು. ಮೂಸಿದಳು. ಕೊಬ್ಬರಿ. ಕಮಟು ಹಿಡಿದ ಕೊಬ್ಬರಿ ಎಣ್ಣೆ. ತಲೆ ಎತ್ತಿದರೆ ಎದುರಿಗೆ ಕುರ್ಚಿಯಲ್ಲಿ ಮಾವ, ಬಾಯಲ್ಲಿ ಒಂದು ಚೂರು, ಕೈಯಲ್ಲಿ ಒಂದು ಚೂರು.

"ಮಾವ, ನೀರಿಗೆ ಕೊಬ್ಬರಿ ಹಾಕಿದ್ರಾ?"

ಮರುಳಸಿದ್ದಯ್ಯನವರು ಅಗಿಯುವುದನ್ನು ನಿಲ್ಲಿಸಿದರು. "ಒಂದ್ಸಲ ಹಾಕಿದ್ದೆ ಕಣವ್ವ. ಒಂಚೂರು. ಪಾಪ, ತಿಂದ್ವು."

"ಕಚ್ಚಿದ ಚೂರಾ?"

ಅವರು ಕೈಯಲ್ಲಿದ್ದ ಚೂರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಅಷ್ಟು ಸಾಕಾಯಿತು. ದಿನಾ ಬೆಳಿಗ್ಗೆ ತಾನು ಮೊಣಕೈವರೆಗೆ ಕೈ ಇಳಿಸುತ್ತಿದ್ದ ನೀರು, ಮುಖವಿಟ್ಟು ನೋಡುತ್ತಿದ್ದ ನೀರು, ಈ ಮುದುಕನ ಎಂಜಲಿನಲ್ಲಿ ಕಲಸಿದ್ದು ಅನ್ನಿಸಿ ಅವಳ ಹೊಟ್ಟೆಯಿಂದ ಎಲ್ಲ ಮೇಲಕ್ಕೆ ಬಂತು. ಬಚ್ಚಲಿಗೆ ಓಡಿ ಕಕ್ಕಿದಳು. ಮಂಡಿಯಲ್ಲಿ ಮಾಲು ತಂದು ಕೂತಿದ್ದ ರೈತರಿಗೂ ಕೇಳಿಸುವಷ್ಟು ಜೋರಾಗಿ ಕಕ್ಕಿದಳು. ಬಾಯಿ ಒರೆಸಿಕೊಂಡು ಬಂದು ಅಷ್ಟೇ ಜೋರಾಗಿ ಹೇಳಿದಳು:

"ನಂಗೆ ಅಸಹ್ಯ ಆಗುತ್ತೆ ಮಾವ. ನೀವು ಮುಟ್ಟಿದ್ದೆಲ್ಲಾ ಅಸಹ್ಯ ಆಗುತ್ತೆ."

ಮಂಡಿಯಲ್ಲಿದ್ದವರೆಲ್ಲ ಮನೆ ಬಾಗಿಲ ಕಡೆ ತಿರುಗಿದರು. ಯೋಗೀಶ್ ಬಾಗಿಲಿಗೆ ಬಂದು ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, "ನೋಡಾನ ಬುಡು" ಅಂದು ಮಂಡಿಗೆ ವಾಪಸು ಹೋದ. ಅವನದು ಯಾವಾಗಲೂ ಅಷ್ಟೇ, ಮನೆಗೆ ಬೆಂಕಿ ಬಿದ್ದರೂ ನೋಡೋಣ ಅನ್ನುವ ಪೈಕಿ. ಮರುಳಸಿದ್ದಯ್ಯನವರು ಬಾಯಲ್ಲಿದ್ದದ್ದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಗೋಡೌನಿಗೆ ನಡೆದವರು ಆಮೇಲೆ ಮನೆಯೊಳಗೆ ಬಂದು ಕೂರಲಿಲ್ಲ. ಅಲ್ಲೇ ಚೀಲಗಳ ನಡುವೆ ಒಂದು ಮಂಚ ಹಾಕಿಸಿಕೊಂಡರು.

ಮಧುಶ್ರೀ ಕುರ್ಚಿಯನ್ನು ಫಿನಾಯಿಲು ಹಾಕಿ ತೊಳೆದು ಅಂಗಳದಲ್ಲಿ ಒಣಗಲು ಇಟ್ಟಳು, ಒಳಗೆ ತರಲಿಲ್ಲ. ಮಾವನಿಗೆ ಅಂತ ಒಂದು ತಟ್ಟೆ, ನೆಗ್ಗಿದ ಒಂದು ಸ್ಟೀಲ್ ಲೋಟ ಬೇರೆ ಮಾಡಿದಳು. ಕೆಮ್ಮುತ್ತಾರೆ, ಕಂಡದ್ದನ್ನೆಲ್ಲ ಕಚ್ಚುತ್ತಾರೆ, ಬೇರೆ ಇಟ್ಟರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಗಂಡನಿಗೆ ಹೇಳಿದಳು. ಜಗಲಿಯ ಗೋಡೆಯಲ್ಲಿ ಒಂದು ಪುಟ್ಟ ಗೂಡಿತ್ತು. ದೀಪಕ್ಕೆ ಚಿಕ್ಕದು, ಇನ್ನೇನಕ್ಕೂ ಸಾಲದು. ಯಾಕೆ ಕಟ್ಟಿಸಿದ್ದಾರೋ ಅಂತ ಮದುವೆಯಾಗಿ ಬಂದಾಗಿನಿಂದ ಅಂದುಕೊಳ್ಳುತ್ತಿದ್ದಳು. ಲೋಟ ಇಟ್ಟು ನೋಡಿದರೆ ಅಳತೆ ತೆಗೆದು ಕಟ್ಟಿಸಿದ ಹಾಗೆ ಕೂತಿತು. ಅಂದಿನಿಂದ ಅದು ಅಲ್ಲೇ.

ಮಾವ ಹೊರಗೆ ಹೋದರೂ ಜಿಡ್ಡು ಹೋಗಲಿಲ್ಲ. ತಾನು ಮಧ್ಯಾಹ್ನ ಅಡ್ಡಾದಾಗ ಮುದುಕ ಕಳ್ಳಹೆಜ್ಜೆ ಇಟ್ಟು ಬಂದು ಎಂಜಲು ಹಾಕಿಹೋಗುತ್ತಿದ್ದಾನೆ ಅಂತ ಅವಳು ತೀರ್ಮಾನ ಮಾಡಿದಳು. ಮನಸ್ಸಿನಲ್ಲಿ ಬಹುವಚನ ಎಂದೋ ಬಿಟ್ಟುಹೋಗಿತ್ತು. ಸೇಡಿಗೆ ಹಾಕುತ್ತಿದ್ದಾನೆ ಅನ್ನಿಸಿದ ಮೇಲಂತೂ ಆ ನೀರು ನೋಡಿದರೆ ಮೈಮೇಲೆ ಹುಳ ಹರಿದ ಹಾಗಾಗುತ್ತಿತ್ತು. ಇನ್ನೆರಡು ಮೀನು ಸತ್ತವು. ಫರ್ನಿನ ಎಲೆ ಕಪ್ಪಗಾಗಿ ಉದುರಿತು. ಅವಳು ಬ್ಯಾಗು ತುಂಬಿಕೊಂಡು ಗಂಡನ ಮುಂದೆ ನಿಂತಳು.

"ನಿಮ್ಮಪ್ಪ ಚಿಕ್ಕನಾಯಕನಹಳ್ಳಿಗೆ ಮಗಳ ಮನೆಗೆ ಹೋಗ್ಲಿ. ಹಬ್ಬಕ್ಕೆ ಹೋಗಿ ಬರೋದಲ್ಲ, ಅಲ್ಲೇ ಇರ್ಲಿ. ಇಲ್ಲಾಂದ್ರೆ ನಾನು ಬರಾಕಿಲ್ಲ ಕಣ್ರೀ."

"ನೋಡಾನ..." ಅನ್ನುವುದರೊಳಗೆ ಅವಳು ತುರುವೇಕೆರೆ ಬಸ್ಸು ಹತ್ತಿದ್ದಳು.

ತವರಿನಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡು, "ಥೂ, ಎಂಥ ಕೊಳಕು ಮನೆಗೆ ಕೊಟ್ವೇ" ಅಂತ ಕಣ್ಣು ಒರೆಸಿಕೊಂಡಳು. ಮಗಳ ತಲೆಗೆ ಎಣ್ಣೆ ತಿಕ್ಕಿದಳು. ಹತ್ತು ಹನ್ನೆರಡು ದಿನ ಸುಖವಾಗಿ ಕಳೆಯಿತು. ಕೊನೆಗೆ ಯೋಗೀಶನ ಫೋನು ಬಂತು. ದನಿ ಸಣ್ಣಗಿತ್ತು. ಅಪ್ಪ ಒಪ್ಪಿದ್ದಾರೆ, ಗುರುವಾರ ಮಧ್ಯಾಹ್ನದ ಊಟ ಮುಗಿಸಿ ಬಸ್ಸಿಗೆ ಹೋಗುತ್ತಾರೆ, ಅಕ್ಕನಿಗೂ ಹೇಳಿಯಾಗಿದೆ, ನೀನು ಬಾ. ಮಧುಶ್ರೀ ಬುಧವಾರ ಸಂಜೆಯೇ ಬಂದಳು. ಕಣ್ಣಾರೆ ಕಳಿಸದೆ ಅವಳಿಗೆ ಸಮಾಧಾನವಿರಲಿಲ್ಲ.

ಬಂದವಳು ಚಪ್ಪಲಿ ಬಿಟ್ಟು ಮೊದಲು ನೋಡಿದ್ದು ಅಕ್ವೇರಿಯಂ. ಚರಂಡಿಯಾಗಿರುತ್ತದೆ ಅಂದುಕೊಂಡು, ಮೂಗಿಗೆ ಸೆರಗು ಹಿಡಿದುಕೊಂಡೇ ಹತ್ತಿರ ಹೋದಳು. ನೀರು ತಿಳಿಯಾಗಿತ್ತು. ಮೇಲೆ ಒಂದು ಎಳೆ ಜಿಡ್ಡಿಲ್ಲ. ಉಳಿದ ಗಪ್ಪಿಗಳು ತಳದವರೆಗೂ ಇಳಿದು ಆಡುತ್ತಿದ್ದವು. ಕಪ್ಪಗಾಗಿದ್ದ ಫರ್ನಿನ ಬುಡದಲ್ಲಿ ಹೊಸ ಚಿಗುರು ಸುರುಳಿ ಬಿಚ್ಚಿತ್ತು. ಅವಳಿಗೆ ಖುಷಿಯಾಗಬೇಕಿತ್ತು. ಬೇಜಾರಾಯಿತು ಅಂದರೆ ನೀವು ನಂಬುವುದಿಲ್ಲ, ಆದರೂ ಆದದ್ದು ಬೇಜಾರೇ.

"ಯಾರು ನೋಡ್ಕೊಂಡ್ರು ಇದನ್ನ?"

"ಅಪ್ಪ," ಅಂದ ಯೋಗೀಶ್. "ನಂಗೆಲ್ಲಿ ಪುರುಸೊತ್ತು. ದಿನಾ ಬಂದು ಲೈಟು ಹಾಕೋರು, ಚಮಚದಾಗೆ ಒಂಚೂರು ಕಾಳು ಉದುರ್ಸೋರು, ಹೋಗೋರು. ನಿಂತ್ಕೊಂಡೇ ನೋಡೋರು. ನೀರಿಗೆ ಕೈ ಹಾಕ್ಬೇಡಿ ಅಂದಿದ್ದೆ, ಹಾಕಿಲ್ಲ."

ಹೆದರಿಕೊಂಡು ನೆಟ್ಟಗಿದ್ದಾನೆ ಅಂದುಕೊಂಡಳು ಮಧುಶ್ರೀ. ಅಂದುಕೊಂಡು ಮಲಗಿದಳು.

ಗುರುವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿದಳು. ಅಮ್ಮನ ಎಣ್ಣೆ ಅಂಗೈಗೆ ಸುರಿದುಕೊಂಡು ತಲೆಗೆ ಹಚ್ಚಿ ಜಡೆ ಹಾಕಿದಳು. ಕೈಯಲ್ಲಿ ಉಳಿದದ್ದನ್ನು ಮುಂಗೈಗೆ, ಮೊಣಕೈಗೆ ಎಳೆದು ತಿಕ್ಕಿಕೊಂಡಳು. ಈ ಸೀಮೆಯಲ್ಲಿ ಹೆಂಗಸರು ಗಂಡಸರು ಎಲ್ಲರೂ ಹಾಗೆಯೇ. ತಲೆಗೆ ಹಚ್ಚಿ ಮಿಕ್ಕಿದ್ದು ಮೊಣಕೈಗೆ. ಅದನ್ನು ಎಣ್ಣೆ ಹಚ್ಚಿಕೊಳ್ಳುವುದು ಅಂತ ಯಾರೂ ಕರೆಯುವುದೂ ಇಲ್ಲ, ಕೈ ಒರೆಸಿಕೊಂಡಷ್ಟೇ ಲೆಕ್ಕ. ಸೋಪು ಹಚ್ಚಿ ಮಣಿಕಟ್ಟಿನವರೆಗೆ ಚೆನ್ನಾಗಿ ತೊಳೆದುಕೊಂಡು ಬಂದು, ತೋಳು ಸರಿಸಿ, ಸತ್ತ ಎಲೆ ಕೀಳಲು ನೀರಿಗೆ ಕೈ ಇಳಿಸಿದಳು.

ಕಿಟಕಿಯಿಂದ ಎಳೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮೊಣಕೈ ನೀರಿಗೆ ತಾಗಿದ ಕಡೆಯಿಂದ ಒಂದು ಬಣ್ಣ ಬಣ್ಣದ ಉಂಗುರ ಬಿಚ್ಚಿಕೊಂಡು, ಅಗಲವಾಗುತ್ತಾ ಆಗುತ್ತಾ ಹೋಗಿ ಎದುರಿನ ಗಾಜು ಮುಟ್ಟಿತು.

ಮಧುಶ್ರೀ ಕೈ ಅಲುಗಿಸದೆ ನಿಂತಳು. ಎರಡನೆಯ ಉಂಗುರ ಬಂತು. ಕೈ ಹೊರಗೆಳೆದಳು. ನೀರು ಹನಿಹನಿಯಾಗಿ ಜಾರಿತು, ಚರ್ಮಕ್ಕೆ ಅಂಟಲೇ ಇಲ್ಲ. ಏನೋ ಬೆಳಕಿನ ಆಟ ಅಂತ ಇನ್ನೊಂದು ಕೈ ಇಳಿಸಿದಳು. ಅದೇ. ಪೇಪರಿನ ಹಾಳೆ ಹರಡಿ ಎತ್ತಿ ಮೂಸಿದಳು, ಆಮೇಲೆ ಮೊಣಕೈ ಮೂಸಿದಳು. ದಾಸವಾಳ, ಕರಿಬೇವು, ಅದರಡಿಯಲ್ಲಿ ಕೊಬ್ಬರಿ. ಎರಡೂ ಒಂದೇ.

ದಿನಾ ತೊಳೆದಷ್ಟೂ ಜಿಡ್ಡು ಹೆಚ್ಚಾದದ್ದು ಯಾಕೆ ಅಂತ ಆಗ ಅವಳಿಗೆ ಅರ್ಥವಾಯಿತು. ಅವಳ ಕೈ ಮುಟ್ಟದಿದ್ದ ಹತ್ತು ಹನ್ನೆರಡು ದಿನ ನೀರು ತಿಳಿಯಾಯಿತು. ಸತ್ತ ಗಪ್ಪಿಗಳ ಮೇಲೆ ಮೇಣದ ಹಾಗೆ ಕವುಚಿಕೊಂಡಿದ್ದದ್ದು ಅವಳ ಮೈಯ ಎಣ್ಣೆ. ಅವತ್ತು ಪೇಪರಿನಲ್ಲಿ ಎತ್ತಿ, ಮೂಸಿ, ಕಕ್ಕಿಕೊಂಡಿದ್ದಳಲ್ಲ, ಅದು ಮಾವನ ಎಂಜಲಲ್ಲ, ತನ್ನದೇ ಕೊಳಕು. ಬಚ್ಚಲಿಗೆ ಹೋಗಿ ಪಾತ್ರೆ ಉಜ್ಜುವ ನಾರಿನಿಂದ ಮೊಣಕೈ ಕೆಂಪಾಗುವವರೆಗೆ ತಿಕ್ಕಿದಳು. ತಿಕ್ಕಿ ಮೂಸಿದಳು. ಇನ್ನೂ ಇದೆ ಅನ್ನಿಸಿ ಮತ್ತೆ ತಿಕ್ಕಿದಳು. ಜೀವಮಾನದಲ್ಲಿ ಮೊದಲ ಸಲ ತನ್ನ ಮೈ ತನಗೇ ಹೇಸಿಗೆಯಾಗಿ, ಎಲ್ಲಿ ಇಡುವುದು ಅಂತ ತಿಳಿಯದೆ ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಳು.

ಇಲ್ಲಿ ಅವಳು ಓಡಿ ಹೋಗಿ ಮಾವನ ಕಾಲಿಗೆ ಬಿದ್ದಳು ಅಂದರೆ ಸುಳ್ಳಾಗುತ್ತದೆ. ಅವಳು ಅಡುಗೆ ಮನೆಗೆ ಹೋದಳು. ಮಧ್ಯಾಹ್ನ ಹೋಗುವವರು ಹೋಗಿಬಿಡುತ್ತಾರೆ. ನಾಳೆಯಿಂದ ತೋಳಿಗೆ ಎಣ್ಣೆ ಹಚ್ಚದಿದ್ದರಾಯಿತು. ನೀರು ತಿಳಿಯಾಗಿರುತ್ತದೆ, ನೋಡಿದವರು ಮುದುಕ ಹೋದ ಮೇಲೆ ಸರಿಹೋಯಿತು ಅನ್ನುತ್ತಾರೆ. ಯಾರಿಗೂ ಗೊತ್ತಿಲ್ಲ. ಇಷ್ಟನ್ನೂ ಯೋಚಿಸುತ್ತಾ ಅಕ್ಕಿ ತೊಳೆದಳು, ಸಾರಿಗೆ ಇಟ್ಟಳು, ದಾರಿಗೆ ಅಂತ ಚಪಾತಿ ಕೂಡ ಲಟ್ಟಿಸಿದಳು. ಚಪಾತಿಗೆ ಕೈ ತಾಗಿದಾಗಲೆಲ್ಲ ಮೊಣಕೈ ಕಡೆಗೆ ಕಣ್ಣು ಹೋಗುತ್ತಿತ್ತು. ಊಟ ಕಳಿಸಲು ಜಗಲಿಗೆ ಬಂದು ಗೂಡಿಗೆ ಕೈ ಹಾಕಿದಳು. ಲೋಟ ಅಲ್ಲಿರಲಿಲ್ಲ. ಅದನ್ನೂ ಚೀಲಕ್ಕೆ ಹಾಕಿಕೊಂಡರೇನೋ ಅನ್ನಿಸಿ, ಖಾಲಿ ಗೂಡು ನೋಡಿ ಅವಳಿಗೆ ಇನ್ನು ತಡೆಯಲಾಗಲಿಲ್ಲ. ತಟ್ಟೆ ಜಗಲಿ ಮೇಲೆ ಇಟ್ಟು ಗೋಡೌನಿಗೆ ನಡೆದಳು.

ಮದುವೆಯಾಗಿ ಎರಡು ವರ್ಷದಲ್ಲಿ ಅವಳು ಅದರ ಒಳಗೆ ಕಾಲಿಟ್ಟಿರಲಿಲ್ಲ. ಕಮಟು ಮುಖಕ್ಕೆ ರಾಚಿತು. ಚೀಲಗಳ ಸಾಲಿನ ಕೊನೆಯಲ್ಲಿ ಮಂಚ, ಮಂಚದ ಮೇಲೆ ಕಟ್ಟಿಟ್ಟ ಕೈಚೀಲ, ಮಾವ. ಎದುರಿಗೆ ನೆಲದ ಮೇಲೆ ಗಿಡ್ಡಯ್ಯ. ಅವರ ವಯಸ್ಸಿನವನೇ. ಹುಡುಗನಾಗಿದ್ದಾಗಿನಿಂದ ಇದೇ ಮಂಡಿಗೆ ಕಾಯಿ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿ ತೆಗೆದುಕೊಡುತ್ತಿದ್ದವನು, ಊರಾಚೆಯ ಕೇರಿಯವನು. ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಟೀ ತಂದಿದ್ದ. ನೆಗ್ಗಿದ ಲೋಟ ಒಂದೇ. ಮಾವ ಅರ್ಧ ಕುಡಿದು ಅವನಿಗೆ ಕೊಟ್ಟರು, ಅವನು ಮಿಕ್ಕಿದ್ದು ಕುಡಿದ. ಮಧುಶ್ರೀ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಸೆರಗು ಮೂಗಿಗೆ ಹಿಡಿದುಕೊಂಡಳು.

"ಮಾವ," ಅಂದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಜಿಡ್ಡು ನಂದೇ. ನನ್ನ ಕೈಗೆ ಹಚ್ಚಿದ ಎಣ್ಣೆ ಅದು. ಈವತ್ತು ನೋಡ್ದೆ. ನೀವು ಹೋಗ್ಬೇಡಿ."

ಮರುಳಸಿದ್ದಯ್ಯನವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ನಾನೂ ಒಂದ್ಸಲ ಹಾಕಿದ್ದೆ, ಹಾಕಿಲ್ಲ ಅನ್ನಾಕಿಲ್ಲ," ಅಂದರು. ಆಮೇಲೆ ಗಿಡ್ಡಯ್ಯನ ಕೈಯಿಂದ ಲೋಟ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದನ್ನ ಆ ಗೂಡ್ನಾಗೆ ಇಡು ಅಂತ ನಿಂಗೆ ಯಾರವ್ವ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ. ಸರಿಯಾಗಿ ಕೂತ್ಕೊಳ್ತು, ಅದಕ್ಕೆ."

"ಕೂತ್ಕೊಂತದೆ. ಅದಕ್ಕೇ ಕಟ್ಸಿದ್ದು. ನಮ್ಮಪ್ಪ ಕಟ್ಸಿದ್ದು ಕಣವ್ವ, ಸುಲಿಯೋರು ನೀರು ಕುಡ್ಯಕ್ಕೆ ಅಂತ ಒಂದು ಲೋಟ ಬೇರೆ ಇಡಕ್ಕೆ. ಒಳಗ್ ತರಂಗಿಲ್ಲ. ಅವ್ರೇ ತೊಳ್ದು ಅಲ್ಲೇ ಇಡ್ಬೇಕು. ನಾನೂ ಹಂಗೇ ನಡೆಸ್ಕೊಂಡು ಬಂದೆ. ಇವ್ನು ಒಂದ್ಸಲ ಮರ್ತು ಮುಟ್ಟಿದ ಒಳಗಿನ ಚೊಂಬಿನಾಗೆ ನೀರು ಕುಡ್ದೆ ಅಂತ ನಾನು ಗಂಟ್ಲಿಗೆ ಬೆರಳು ಹಾಕ್ಕೊಂಡು ಕಕ್ಕಿದ್ದೆ. ಇವ್ನ ಎದ್ರಿಗೇ." ಅವರು ಗಿಡ್ಡಯ್ಯನ ಕಡೆ ತಿರುಗಿದರು. "ಗ್ಯಾಪಕ ಐತೇನ್ಲಾ?"

"ಅದೆಲ್ಲ ಈಗ್ಯಾಕೆ ಬುದ್ಧಿ," ಅಂದ ಗಿಡ್ಡಯ್ಯ, ನೆಲ ನೋಡುತ್ತಾ.

"ನೀನು ಅವತ್ತು ಕಕ್ಕಿದ್ದು ಕೇಳಿದಾಗ ನಂಗೆ ಹೆಂಗಾಯ್ತು ಅಂತ ಹೇಳಾಕ್ ಬರಾಕಿಲ್ಲ ಕಣವ್ವ. ಈ ಲೋಟದಾಗೆ ನೀರು ಕುಡ್ಯೋವಾಗ ನೀರು ಇಳೀತಿರ್ಲಿಲ್ಲ. ಇವ್ನಿಗೆ ಇಷ್ಟ್ ವರ್ಷ ಹೆಂಗ್ ಇಳೀತು ಅಂತ ಕೇಳ್ದೆ. ಹೇಳಾಕಿಲ್ಲ ಅಂತಾನೆ." ಅವರು ಎದ್ದು ಕೈಚೀಲವನ್ನು ಮಂಚದ ಕೆಳಕ್ಕೆ ತಳ್ಳಿದರು. "ಬತ್ತೀನಿ ನಡಿ. ಇವ್ನೂ ಬತ್ತಾನೆ, ಮೀನು ನೋಡಕ್ಕೆ. ಒಳಗಿನ ಲೋಟದಾಗೆ ಟೀ ಕೊಡ್ತೀಯಾ?"

ಗಿಡ್ಡಯ್ಯ ಗಾಬರಿಯಾದ. "ಬ್ಯಾಡಿ ಬುದ್ಧಿ. ನಿಮ್ಮನೆ ಜಗಳಕ್ಕೆ ನನ್ನ್ಯಾಕ್ ಎಳೀತೀರಿ. ನಂಗ್ ಯಾವ ಮೀನೂ ಬ್ಯಾಡ."

ಮಧುಶ್ರೀ ಅವನನ್ನು ನೋಡಿದಳು. ಉಗುರಿನ ಸಂದಿಯ ಕರಿ, ಒಡೆದ ಹಿಮ್ಮಡಿ, ಬನಿಯನ್ನಿಗೆ ಹತ್ತಿದ ನಾರು. ಈಗ ತಾನೇ ಬಚ್ಚಲಿನಲ್ಲಿ ತನ್ನ ಮೈ ಕಂಡು ಹೇಸಿದವಳಿಗೆ ಇದು ಹೇಸಿಗೆ ಅನ್ನಿಸಬಾರದಿತ್ತು. ಅನ್ನಿಸಿತು. ಹಾಗಾದದ್ದು ಕಂಡು ಅವಳಿಗೆ ಸಿಟ್ಟೇ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

"ಬನ್ನಿ," ಅಂದಳು.

ಅಂಗಳದಿಂದ ಬೆತ್ತದ ಕುರ್ಚಿ ತಂದು ಹಾಲಿನಲ್ಲಿ ಹಾಕಿದಳು. ಮಾವ ಕೂರಲಿಲ್ಲ, ಗಿಡ್ಡಯ್ಯನನ್ನು ಕೂರು ಅಂದರು. ಅವನು ಕೂರಲಿಲ್ಲ. ಕೊನೆಗೆ ಇಬ್ಬರೂ ಅಕ್ವೇರಿಯಂ ಮುಂದೆ ನೆಲಕ್ಕೆ ಕೂತರು. ಮಂಡಿಯಿಂದ ಯೋಗೀಶ್ ಬಂದು ಬಾಗಿಲಲ್ಲಿ ನಿಂತವನು ಈ ಸಲ ನೋಡೋಣ ಅನ್ನಲೂ ಮರೆತ. ಮಧುಶ್ರೀ ಒಳಗಿನ ಎರಡು ಸ್ಟೀಲ್ ಲೋಟ ತೆಗೆದು ಟೀ ತಂದಿಟ್ಟಳು. ಗಿಡ್ಡಯ್ಯ ಬಾಯಿಗೆ ತಾಗಿಸದೆ ಎತ್ತಿ ಸುರಿದುಕೊಳ್ಳಲು ಹೋಗಿ, ಬಿಸಿಗೆ ಕೆಮ್ಮಿ, ಮರುಳಸಿದ್ದಯ್ಯನವರ ಕೈಲಿ ಬೈಸಿಕೊಂಡು, ಆಮೇಲೆ ಕಚ್ಚಿಕೊಂಡೇ ಕುಡಿದ. ಗಪ್ಪಿಗಳನ್ನು ಬಹಳ ಹೊತ್ತು ನೋಡಿದ.

"ಇಷ್ಟ್ ಸಣ್ಣವು," ಅಂದ. "ಸಾರಿಗೂ ಬರಾಕಿಲ್ವಲ್ಲ ಅಮ್ಮಾವ್ರೇ."

ಮೀನಿನ ಸಾರು ಅನ್ನುವ ಮಾತು ಮಾಂಸ ಮುಟ್ಟದ ಆ ಮನೆಯೊಳಗೆ ಬಿದ್ದದ್ದು ಅದೇ ಮೊದಲು. ಮಧುಶ್ರೀಗೆ ಗಂಟಲವರೆಗೆ ಬಂತು. ತಡೆದು ನುಂಗಿಕೊಂಡಳು. ಮರುಳಸಿದ್ದಯ್ಯನವರು ಮಾತ್ರ ಎದೆ ಅದುರುವಷ್ಟು ನಕ್ಕರು, ನಗುತ್ತಾ ಕೆಮ್ಮಿದರು.

ಗಿಡ್ಡಯ್ಯ ಕೆಲಸವಿದೆ ಅಂತ ಎದ್ದು ಹೋದ. ಮಾವ ಕುರ್ಚಿಗೆ ಒರಗಿ ಅಲ್ಲೇ ತೂಕಡಿಸಿದರು. ಚಿಕ್ಕನಾಯಕನಹಳ್ಳಿ ಬಸ್ಸಿನ ಹೊತ್ತು ಮೀರಿತು. ಮಧುಶ್ರೀ ಲೋಟಗಳನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಇಟ್ಟಳು. ನಲ್ಲಿ ಬಿಟ್ಟು ನಾರು ಕೈಗೆತ್ತಿಕೊಂಡು, ಒಂದು ಲೋಟವನ್ನು ತಿರುಗಿಸಿ ನೋಡಿದಳು, ಇಟ್ಟಳು, ಇನ್ನೊಂದನ್ನು ತಿರುಗಿಸಿ ನೋಡಿದಳು. ಎರಡೂ ಒಂದೇ ಸೆಟ್ಟಿನವು. ಎರಡರ ತಳದಲ್ಲೂ ಒಂದಿಷ್ಟು ಟೀ ಉಳಿದಿತ್ತು, ಎರಡರ ಅಂಚಿಗೂ ಕೊಬ್ಬರಿಯ ಜಿಡ್ಡಿತ್ತು. ಗಿಡ್ಡಯ್ಯ ಕುಡಿದದ್ದು ಯಾವುದು, ಮಾವ ಕುಡಿದದ್ದು ಯಾವುದು ಅಂತ ಬೆಳಕಿಗೆ ಹಿಡಿದು ನೋಡಿದರೂ ತಿಳಿಯಲಿಲ್ಲ.

ಆಮೇಲೆ ತಾನು ಹುಡುಕುತ್ತಿರುವುದು ಏನನ್ನು ಅಂತ ಅವಳಿಗೆ ಅರಿವಾಯಿತು. ನಲ್ಲಿ ನೀರು ಸುಮ್ಮನೆ ಸುರಿಯುತ್ತಿತ್ತು, ಅವಳು ಎರಡು ಲೋಟ ಹಿಡಿದುಕೊಂಡು ನಿಂತೇ ಇದ್ದಳು.